ಕ್ರಿಮಿನಾಶಕದ ವಿಷವೂ ರಕ್ತಪರೀಕ್ಷೆಯೂ

ಅಳವಂಡಿ ಹೋಬಳಿಯ ಎರೆಭೂಮಿಯಲ್ಲಿ ಹತ್ತಿ, ಕಡಲೆ, ಮೆಣಸಿನಕಾಯಿ ಮೊದಲಾದ ಪೈರುಗಳಿಗೂ, ಗಂಗಾವತಿಯ ಕಡೆಯ ಭತ್ತದ ಗದ್ದೆಗಳಿಗೂ ಕ್ರಿಮಿನಾಶಕ ಎಣ್ಣೆಯನ್ನು ಹೊಡೆಯಿಸುವುದು ವಾಡಿಕೆಯಾಗಿದೆ. ಒಂದೇ ಹೊಲದಲ್ಲಿ, ಒಂದೇ ಎಣ್ಣೆಯನ್ನು, ಒಂದೇ ಹೊತ್ತು ಹೊಡೆದ ಇಬ್ಬರಲ್ಲಿ ಒಬ್ಬನು ತಲೆಸುತ್ತಿ ಬೀಳುವುದೂ, ಮತ್ತೊಬ್ಬನು ಏನೂ ಆಗದವನಂತೆ ಮನೆಗೆ ಹೋಗುವುದೂ ಉಂಟು. ಬಿದ್ದವನನ್ನು ಬಲಹೀನನೆಂದೂ, ಉಳಿದವನನ್ನು ಗಟ್ಟಿಗನೆಂದೂ ಜನರು ಎಣಿಸುತ್ತಾರೆ. ಈ ಎಣಿಕೆಯು ಸರಿಯಾದುದಲ್ಲ. ಮೈಗೆ ತಗಲಿದ ವಿಷದ ಪ್ರಮಾಣವು ಇಬ್ಬರಲ್ಲಿಯೂ ಒಂದೇ ಆಗಿದ್ದರೂ, ಅದನ್ನು ತಾಳುವ ಶಕ್ತಿಯು ತೋಳಿನ ಬಲವನ್ನಲ್ಲ, ರಕ್ತದಲ್ಲಿರುವ ಕೆಲವು ಕಿಣ್ವಗಳನ್ನು ಅವಲಂಬಿಸಿರುವುದು.

ವಿಷದ ಕಾರ್ಯ

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಡೈಮಿಥೊಯೇಟ್ ಮುಂತಾದವು ಸಾವಯವ ರಂಜಕ ವರ್ಗಕ್ಕೆ ಸೇರಿದವು. ನರಗಳಿಂದ ಸ್ನಾಯುಗಳಿಗೆ ಸೂಚನೆಯನ್ನು ಒಯ್ಯುವ ರಸವೊಂದುಂಟು. ಸೂಚನೆಯು ಮುಟ್ಟಿದೊಡನೆ ಆ ರಸವನ್ನು ಒಡೆಯುವ ಕಿಣ್ವಕ್ಕೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂದು ಹೆಸರು. ಮೇಲ್ಕಂಡ ವಿಷಗಳು ಈ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕುಗ್ಗುವುದು, ಸ್ನಾಯುಗಳು ಅದುರುವುದು ಮುಂತಾದ ಲಕ್ಷಣಗಳು ತೋರುವುವು. ವಿಷವು ಮಿತಿಮೀರಿದರೆ ಉಸಿರು ನಿಲ್ಲುವುದು.

ವ್ಯಕ್ತಿಯಿಂದ ವ್ಯಕ್ತಿಗೆ ಭೇದ

ಪ್ಯಾರಾಆಕ್ಸೊನೇಸ್ ಎಂಬ ಇನ್ನೊಂದು ಕಿಣ್ವವು ಕ್ಲೋರ್‌ಪೈರಿಫಾಸಿನಂಥ ಕೆಲವು ವಿಷಗಳನ್ನು ರಕ್ತದಲ್ಲಿಯೇ ಒಡೆಯುವುದು. ಹುಟ್ಟಿನಿಂದ ಬಂದ ಗುಣದಿಂದಾಗಿ ಇದರ ಪ್ರಮಾಣವು ವಯಸ್ಕರಲ್ಲಿಯೂ ಒಬ್ಬರಿಗಿಂತ ಒಬ್ಬರಲ್ಲಿ ಹತ್ತು ಪಾಲಿಗೂ ಮಿಕ್ಕಿ ಹೆಚ್ಚುಕಡಮೆಯಾಗಿರಬಹುದು. ಎಳೆಯ ಮಕ್ಕಳಲ್ಲಿ ಅದು ಬಹಳ ಕಡಮೆ. ಆದಕಾರಣ ತೊಟ್ಟಿಲನ್ನು ಹೊಲದ ಬದುವಿನಲ್ಲಿ ಕಟ್ಟಿ ಎಣ್ಣೆ ಹೊಡೆಯುವುದು ಅತ್ಯಂತ ಅಪಾಯಕರ.

ಮೂರನೆಯದು ರಕ್ತರಸದ ಕೋಲಿನೆಸ್ಟರೇಸ್. ಇದು ವಿಷವನ್ನು ತನಗೆ ಅಂಟಿಸಿಕೊಂಡು ನರಗಳಿಗೆ ಮುಟ್ಟುವ ಪಾಲನ್ನು ತಗ್ಗಿಸುವುದು. ನಮ್ಮ ದೇಶದ ವೈಶ್ಯ ಸಮಾಜದ ಕೆಲವರಲ್ಲಿ ಈ ಕಿಣ್ವವು ವಂಶಪಾರಂಪರ್ಯವಾಗಿ ತೀರ ಕಡಮೆಯಿರುವುದಕ್ಕೆ ಕಾರಣವಾದ ಜೀನಿನ ಮಾರ್ಪಾಟನ್ನು 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಂಥವರ ನಿತ್ಯದ ಆರೋಗ್ಯಕ್ಕೆ ಇದರಿಂದ ಕೊರತೆಯಿಲ್ಲ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧದ ಪರಿಣಾಮವು ಇತರರಲ್ಲಿ ಕೆಲವು ನಿಮಿಷಗಳಲ್ಲಿ ಇಳಿದರೆ, ಇವರಲ್ಲಿ ಗಂಟೆಗಟ್ಟಲೆ ಇಳಿಯದೆ ಉಸಿರಾಟವನ್ನು ತಡೆಯಬಹುದು.

ಪರೀಕ್ಷೆಯ ಕ್ರಮ

ಪ್ರತಿಯೊಬ್ಬನ ಸಹಜ ಪ್ರಮಾಣವೂ ಬೇರೆಯಾಗಿರುವುದರಿಂದ, ಒಂದೇ ಪರೀಕ್ಷೆಯಿಂದ ನಿಜವು ತಿಳಿಯದು. ಉದಾಹರಣೆಗೆ, ಒಬ್ಬನ ಸಹಜ ಪ್ರಮಾಣ 100, ಇನ್ನೊಬ್ಬನದು 65 ಎಂದು ಇಟ್ಟುಕೊಳ್ಳೋಣ. ಸುಗ್ಗಿಯ ನಡುವೆ ಇಬ್ಬರದೂ 65 ಎಂದು ಬಂದರೆ, ಎರಡನೆಯವನಿಗೆ ಏನೂ ಆಗಿಲ್ಲ. ಮೊದಲನೆಯವನಾದರೋ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿದ್ದಾನೆ. ಆದುದರಿಂದ ಕನಿಷ್ಠ 30 ದಿನ ಎಣ್ಣೆಯನ್ನು ಮುಟ್ಟದಿರುವಾಗ, ಎಂದರೆ ಬೇಸಿಗೆಯಲ್ಲಿ, ಮೊದಲ ಪರೀಕ್ಷೆಯನ್ನು ಮಾಡಿಸಿ, ಅಂಕಿಯನ್ನು ಬರೆದಿಡತಕ್ಕದ್ದು. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ನಿಯಮದಂತೆ, ಕೆಂಪು ರಕ್ತಕಣಗಳ ಕಿಣ್ವವು ಮೊದಲಿನ ಅಂಕಿಯ ನೂರಕ್ಕೆ 70ಕ್ಕಾಗಲಿ, ರಕ್ತರಸದ ಕಿಣ್ವವು ನೂರಕ್ಕೆ 60ಕ್ಕಾಗಲಿ ಇಳಿದರೆ ಆ ಕೆಲಸದಿಂದ ಬಿಡಿಸಿ, ನೂರಕ್ಕೆ 80ಕ್ಕೆ ಏರಿದ ಮೇಲೆಯೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ನಮ್ಮ ದೇಶದ 1971ರ ಕೀಟನಾಶಕ ನಿಯಮಗಳ 37ನೆಯ ನಿಯಮವು ಸಿಂಪಡಿಸುವವರನ್ನು ಕೆಲಸಕ್ಕೆ ಮುಂಚೆ ವೈದ್ಯರಿಂದ ಪರೀಕ್ಷಿಸಬೇಕೆಂದೂ, ರಂಜಕ ವರ್ಗದ ವಿಷಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸಮಾಡುವವರ ಕೋಲಿನೆಸ್ಟರೇಸನ್ನು ತಿಂಗಳಿಗೊಮ್ಮೆ ಅಳೆಯಬೇಕೆಂದೂ ವಿಧಿಸಿದೆ.

ಭೂಮಾಲೀಕರ ಕರ್ತವ್ಯ

1. ಎಣ್ಣೆ ಹೊಡೆಯುವ ಕೆಲಸವನ್ನು ಒಬ್ಬನಿಗೇ ದಿನದಿನವೂ ಹೇರಕೂಡದು, ಸರದಿಯಿಂದ ಹಂಚತಕ್ಕದ್ದು.

2. ಬಸುರಿಯರನ್ನೂ, ಬಾಣಂತಿಯರನ್ನೂ, ಮಕ್ಕಳನ್ನೂ ಈ ಕೆಲಸಕ್ಕೆ ಹಚ್ಚಕೂಡದು.

3. ಸೋರುವ ಪಂಪನ್ನು ಕೊಡಕೂಡದು. ಕೈಗವಸು, ಮುಖಗವಸು, ಮೈತುಂಬ ಬಟ್ಟೆ, ಸಾಬೂನು, ನೀರು ಇವನ್ನು ಒದಗಿಸತಕ್ಕದ್ದು.

4. ಲಕ್ಷಣಗಳು ತೋರಿದೊಡನೆ ಬಟ್ಟೆಯನ್ನು ತೆಗೆಸಿ, ಮೈಯನ್ನು ಸಾಬೂನಿನಿಂದ ತೊಳೆಯಿಸಿ, ಎಣ್ಣೆಯ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಟ್ರೋಪಿನ್ ಎಂಬ ಪ್ರತಿವಿಷವನ್ನು ವೈದ್ಯರೇ ಕೊಡಬೇಕು.

5. ಪರೀಕ್ಷೆಯಲ್ಲಿ ಅಂಕಿ ಇಳಿದವನಿಗೆ ಕಳೆ ತೆಗೆಯುವುದೇ ಮೊದಲಾದ ವಿಷವಿಲ್ಲದ ಕೆಲಸವನ್ನು ಅದೇ ಕೂಲಿಗೆ ಕೊಡತಕ್ಕದ್ದು. ಕೂಲಿ ತಪ್ಪುವುದೆಂಬ ಅಂಜಿಕೆಯಿದ್ದರೆ ಯಾವನೂ ತನ್ನ ಬೇನೆಯನ್ನು ಹೇಳಿಕೊಳ್ಳುವುದಿಲ್ಲ.

ಚಿಕಿತ್ಸೆಯಿಲ್ಲದಿದ್ದರೆ ಕೆಂಪು ರಕ್ತಕಣಗಳ ಕಿಣ್ವವು ದಿನಕ್ಕೆ ನೂರಕ್ಕೆ ಸುಮಾರು ಒಂದರಂತೆ ಮಾತ್ರ ತುಂಬಿಕೊಳ್ಳುವುದು. ಆದಕಾರಣ ನಿನ್ನೆ ಏನೂ ಆಗಲಿಲ್ಲವೆಂಬುದು ಇಂದಿನ ಕ್ಷೇಮಕ್ಕೆ ಆಧಾರವಾಗಲಾರದು. ಎತ್ತಿನ ಹೆಗಲು ನೋಡಿ ನೊಗ ಹೂಡುವ ಒಕ್ಕಲಿಗರು, ಮನುಷ್ಯನ ರಕ್ತವನ್ನು ನೋಡಿಯೇ ವಿಷದ ಕೆಲಸವನ್ನು ವಹಿಸುವುದು ಯುಕ್ತವಾದುದು.