ಫಾಂಟ್ ತಂದಿದ್ದೀರಾ ಮೇಡಂ?

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಪಕ್ಕದವನ ಉತ್ತರಪತ್ರಿಕೆಗೆ ಇಣುಕಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆದರೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಕದ್ದ ಮಾಲು. 2013ರಲ್ಲಿ ಅದನ್ನು ಅಸೆಂಬಲ್ ಮಾಡಿಸಿದಾಗ ಅಂಗಡಿಯ ಹುಡುಗ "ಎಲ್ಲಾ ಹಾಕಿಕೊಟ್ಟಿದ್ದೀನಿ ಮೇಡಂ, ಏನೂ ಯೋಚನೆ ಮಾಡ್ಬೇಡಿ" ಅಂದಿದ್ದ. ನಾನೂ ಮಾಡಲಿಲ್ಲ. ಪರದೆಯ ಮೂಲೆಯಲ್ಲಿ ಆಗಾಗ ಮಸುಕಾಗಿ ಮೂಡುತ್ತಿದ್ದ 'ಆಕ್ಟಿವೇಟ್ ಮಾಡಿ' ಎಂಬ ಬರಹ ಗೋಡೆಯ ಹಲ್ಲಿಯ ಹಾಗೆ ಕಣ್ಣಿಗೆ ರೂಢಿಯಾಗಿಹೋಗಿತ್ತು.

2022ರಲ್ಲಿ ವೈರಸ್ ಹೊಕ್ಕಿತು. ಅಂಗಡಿಯವರು ಫಾರ್ಮ್ಯಾಟ್ ಮಾಡಿಕೊಟ್ಟರು. ಡಿ ಡ್ರೈವ್‌ನಲ್ಲಿದ್ದ ನನ್ನ ಫೈಲುಗಳನ್ನು ಉಳಿಸುತ್ತೇವೆಂದವರು ಉಳಿಸಲಿಲ್ಲ. ಹೋದದ್ದರಲ್ಲಿ ಬಹುಪಾಲು ಹಳೆಯ ಪ್ರಶ್ನೆಪತ್ರಿಕೆಗಳು, ಅದಕ್ಕೇನೂ ಅಳಲಿಲ್ಲ. ಅಪ್ಪನ ಬರಹ ಮಾತ್ರ ಹೇಗೂ ಸಿ.ಡಿ.ಯಲ್ಲಿ ಇದೆಯಲ್ಲ ಅಂದುಕೊಂಡೆ.

ಅಪ್ಪ ತಮ್ಮ ನೆನಪುಗಳನ್ನು ನಾಲ್ಕು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. 2004ರಲ್ಲಿ ಅದನ್ನು ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದೆ. ಆಮೇಲೆ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ಈಗ ಸಿ.ಡಿ. ಹಾಕಿ ಫೈಲ್ ತೆರೆದರೆ ಒಂದಕ್ಷರ ಕನ್ನಡವಿಲ್ಲ. 'ಕನ್ನಡ' ಎಂಬ ಪದ ಇರಬೇಕಾದ ಕಡೆ ಮೊದಲು ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ಎ, ಅದರ ಪಕ್ಕ ಬ್ರಿಟಿಷರ ಪೌಂಡ್ ಚಿಹ್ನೆ! ಪುಟದ ಮೇಲೆ ಪುಟ ಅದೇ. ಡಿ.ಟಿ.ಪಿ. ಅಂಗಡಿಗೆ ಹೋದರೆ, ಹೊಸದಾಗಿ ಸೇರಿದ್ದ ಹುಡುಗ ತಲೆಯೆತ್ತದೆ ಕೇಳಿದ: "ಫಾಂಟ್ ತಂದಿದ್ದೀರಾ ಮೇಡಂ? ಯಾವ ಫಾಂಟಲ್ಲಿ ಮಾಡಿಸಿದ್ರಿ?" ನನಗೇನು ಗೊತ್ತು! ಅಕ್ಕಿ ಕೊಳ್ಳಲು ಬಂದವಳನ್ನು ಗದ್ದೆಯ ಸರ್ವೆ ನಂಬರ್ ಕೇಳಿದ ಹಾಗಾಯಿತು.

ಗುಟ್ಟು ಬಿಡಿಸಿದ್ದು ನಮ್ಮಣ್ಣನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. "ಅತ್ತೆ, ಆಗಿನ ಫಾಂಟುಗಳು ಒಳಗಡೆ ಇಂಗ್ಲಿಷ್ ಅಕ್ಷರವನ್ನೇ ಇಟ್ಕೊಂಡು ಮೇಲೆ ಕನ್ನಡದ ಮುಖವಾಡ ಹಾಕ್ತಿದ್ವು. ಫಾಂಟ್ ಹೋದ್ರೆ ಮುಖವಾಡ ಕಳಚಿಬೀಳುತ್ತೆ. ಯೂನಿಕೋಡ್‌ನಲ್ಲಿ ಹಾಗಲ್ಲ, 'ಕ'ಗೆ ಅದರದ್ದೇ ಸ್ವಂತ ನಂಬರ್ ಇರುತ್ತೆ." ಎಷ್ಟೋ ವರ್ಷ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಿದ್ದೇನೆಂದು ನಾನು ನಂಬಿದ್ದು ನಿಜಕ್ಕೂ ವೇಷ ಹಾಕಿದ ಇಂಗ್ಲಿಷನ್ನು. ಇನ್ನೊಂದು ಮಾತೂ ಹೊಳೆಯಿತು: ಆ ಫಾಂಟುಗಳಿಗೂ ನಾನು ಕಾಸು ಕೊಟ್ಟಿರಲಿಲ್ಲ. ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತವಲ್ಲ.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಲ್ಲಿಂದ ಹೊರಬಂದದ್ದನ್ನು ತಿದ್ದಲು ಅವನು ಲಿಬ್ರೆಆಫೀಸ್ ಹಾಕಿಕೊಟ್ಟ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ತಂತ್ರಾಂಶ; ಕಾಸಿಲ್ಲ, ಆಕ್ಟಿವೇಶನ್ ಕಾಟವಿಲ್ಲ, ಮೆನುಗಳು ಬೇಕಾದರೆ ಕನ್ನಡದಲ್ಲೇ ಬರುತ್ತವೆ. ಆದರೆ ಮೊದಲ ವಾರ ನನ್ನನ್ನು ಚೆನ್ನಾಗಿ ಆಟವಾಡಿಸಿತು. ಸ್ಟೈಲ್‌ನಲ್ಲಿ ಅಕ್ಷರದ ಗಾತ್ರ 14 ಮಾಡಿದರೆ ಇಂಗ್ಲಿಷ್ ಪದಗಳು ದೊಡ್ಡದಾಗುತ್ತವೆ, ಕನ್ನಡ ಇದ್ದಲ್ಲೇ ಇರುತ್ತದೆ. ಕಾರಣ, ಅದು ಇಂಗ್ಲಿಷಿಗೆ ಒಂದು ಫಾಂಟು, ನಮ್ಮಂಥ ಕೂಡಕ್ಷರದ ಲಿಪಿಗಳಿಗೆ ಇನ್ನೊಂದು ಫಾಂಟು ಎಂದು ಬೇರೆ ಬೇರೆ ಲೆಕ್ಕ ಇಡುತ್ತದೆ. ಆಪ್ಷನ್ಸ್‌ನಲ್ಲಿ ಭಾಷೆಯ ಪುಟಕ್ಕೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬಲ್ಲಿ ಟಿಕ್ ಹಾಕಿ, ಕನ್ನಡ ಆರಿಸಿದ ಮೇಲೆ ದಾರಿಗೆ ಬಂತು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ನಾಲ್ಕು ಸಂಜೆ ಉಳಿಯುತ್ತಿತ್ತು.

ಆಮೇಲೆ ಸೊನ್ನೆಯ ಪ್ರಕರಣ. ಪರಿವರ್ತನೆಯಾದ ಬರಹದಲ್ಲಿ 'ಬಂಡಿ' ಎಂದು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಅಪ್ಪನೋ ಬಂಡಿ ಇಲ್ಲದೆ ಒಂದು ಪುಟವನ್ನೂ ದಾಟಿದವರಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಟೈಪ್ ಮಾಡಿದವರು ಅನುಸ್ವಾರದ ಬದಲು ಎಲ್ಲೆಡೆ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಜಗಜಾಂತರ. ಜಾಣತನ ತೋರಿಸಿ, ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡೆಂದು 'ಎಲ್ಲ ಬದಲಿಸು' ಒತ್ತಿದೆ. ಬಂಡಿಗಳೆಲ್ಲ ಸಿಕ್ಕವು. ಆದರೆ ಅಪ್ಪ ಕನ್ನಡ ಅಂಕಿಗಳಲ್ಲಿ ಬರೆದಿದ್ದ ಇಸವಿಗಳಲ್ಲಿ ಸೊನ್ನೆ ಇದ್ದಲ್ಲೆಲ್ಲ ಅನುಸ್ವಾರ ಅಂಟಿಕೊಂಡಿತು. ಅವರು ಮದುವೆಯಾದ ೧೯೫೦ ಬಾಯಲ್ಲಿ ಹೇಳಲಾಗದ ಒಂದು ಶಬ್ದವಾಗಿತ್ತು. ಪ್ರತಿ ತೆಗೆದಿಟ್ಟುಕೊಂಡಿರಲಿಲ್ಲ. ಮತ್ತೆ ಸಿ.ಡಿ.ಯಿಂದಲೇ ಶುರು.

ಉಳಿದವಕ್ಕೆ ಇಷ್ಟು ತಿಣುಕಲಿಲ್ಲ. ಸಿನಿಮಾ, ಭಜನೆ ಏನೇ ಇದ್ದರೂ ವಿಎಲ್‌ಸಿ ಸಾಕು. 1996ರಲ್ಲಿ ಪ್ಯಾರಿಸ್ಸಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಶುರುಮಾಡಿದ್ದಂತೆ. ರಸ್ತೆ ರಿಪೇರಿಯಲ್ಲಿಡುವ ಕಿತ್ತಳೆ ಬಣ್ಣದ ಶಂಕುವಿನ ಚಿತ್ರವೇ ಅದರ ಗುರುತು. ಅದನ್ನು ಇಳಿಸಿಕೊಳ್ಳುವಾಗ ಮಾತ್ರ ಒಂದು ಬುದ್ಧಿ ಕಲಿತೆ. ಗೂಗಲ್‌ನಲ್ಲಿ ಹುಡುಕಿ, ಮೇಲಿದ್ದ ಹಸಿರು 'ಡೌನ್‌ಲೋಡ್' ಬಟನ್ ಒತ್ತಿದೆ. ವಿಎಲ್‌ಸಿಯ ಜೊತೆ ಕರೆಯದ ನೆಂಟರು ಮೂವರು ಬಂದರು. ಬ್ರೌಸರ್ ತೆರೆದರೆ ರಮ್ಮಿಯ ಜಾಹೀರಾತು. ಅಂದಿನಿಂದ ತಂತ್ರಾಂಶ ಮಾಡಿದವರದೇ ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಹೋಗುತ್ತೇನೆ. ಫೋಟೋ ತಿದ್ದುವ ಜಿಂಪ್ ನನಗೆ ಒಗ್ಗಲಿಲ್ಲ. ಬಲ್ಲವರು ಹೊಗಳುತ್ತಾರೆ, ಹೊಗಳಲಿ. ಅಪ್ಪನ ಹಳೆಯ ಫೋಟೋದಲ್ಲಿ ಒಂದು ಕಲೆ ತೆಗೆಯಹೋಗಿ ಅರ್ಧ ಮೀಸೆ ತೆಗೆದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಈ ಹಳೆಯ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. "ಹೊಸದು ತಗೊಳ್ಳಿ" ಎಂದರು ಎಲ್ಲರೂ. ಅಣ್ಣನ ಮಗ ಒಂದು ಪೆನ್‌ಡ್ರೈವ್ ತಂದ. ಅದರಲ್ಲಿ ವಿಂಡೋಸ್‌ನ ಜಾಗಕ್ಕೆ ಹಾಕಬಹುದಾದ ಲಿನಕ್ಸ್ ಮಿಂಟ್ ಇತ್ತು. ಕಂಪ್ಯೂಟರಿನಲ್ಲಿ ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಸ್ವಲ್ಪ ನಿಧಾನ, ಅಷ್ಟೆ. ಮನೆ ಬಾಡಿಗೆಗೆ ಹಿಡಿಯುವ ಮುನ್ನ ಒಂದು ವಾರ ಇದ್ದು ನೋಡಿದ ಹಾಗೆ.

ನನ್ನ ಭಯ ಒಂದೇ, ಬೆರಳು. ಅಷ್ಟು ವರ್ಷದಿಂದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಒತ್ತಿ ರೂಢಿ; 'ಅಮ್ಮ' ಎಂದರೆ ಎ, ಎಂ, ಒತ್ತಿಗೆ ಎಫ್, ಮತ್ತೆ ಎಂ. ಈ ವಯಸ್ಸಿನಲ್ಲಿ ಬೇರೆ ಕಲಿಯಲಾರೆ. ಮಿಂಟ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನವನ್ನು ಹಾಕಿ ಕನ್ನಡದ ಪಟ್ಟಿ ತೆರೆದರೆ ಅದೇ ವಿನ್ಯಾಸ 'ಕೆಜಿಪಿ' ಎಂಬ ಹೆಸರಿನಲ್ಲಿ ಕೂತಿತ್ತು. ಎ, ಎಂ, ಎಫ್, ಎಂ ಒತ್ತಿದೆ. ಅಮ್ಮ ಬಂದಳು. ಆಗ ಅಳಿಸಿದ್ದು ವಿಂಡೋಸನ್ನು.

ಲಿಬ್ರೆಆಫೀಸ್, ವಿಎಲ್‌ಸಿ ಎರಡೂ ಆಗಲೇ ಪರಿಚಿತವಾಗಿದ್ದರಿಂದ ಮನೆ ಬದಲಿಸಿದರೂ ಪಾತ್ರೆ-ಪಗಡ ಹಳೆಯವೇ. ಮೊದಲ ದಿನವೇ ಎಲ್ಲವನ್ನೂ ಕಿತ್ತು ಹಾಕಿದ್ದರೆ ನಾನು ಮೂರೇ ದಿನಕ್ಕೆ ಅಂಗಡಿಯ ಹುಡುಗನ ಮುಂದೆ ನಿಂತಿರುತ್ತಿದ್ದೆ. ಹಳೆಯ ಪ್ರಿಂಟರ್ ಮಾತ್ರ ಲಿನಕ್ಸಿನ ಮಾತು ಕೇಳಲಿಲ್ಲ. ಎರಡು ದಿನ ಗುದ್ದಾಡಿ, ಅದಕ್ಕೊಂದು ಟವೆಲ್ ಹೊದಿಸಿ ಇಟ್ಟಿದ್ದೇವೆ.

ಹಾಗಾಗಿ ಅಪ್ಪನ ಬರಹ ತಿದ್ದಿ ಮುಗಿಸಿದ ದಿನ ಅದನ್ನು ಪಿಡಿಎಫ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು, ಅದೇ ಡಿ.ಟಿ.ಪಿ. ಅಂಗಡಿಗೆ ಹೋದೆ. ಅದೇ ಹುಡುಗ, ಈಗ ಗಡ್ಡ ಬಿಟ್ಟಿದ್ದಾನೆ. ಪೆನ್‌ಡ್ರೈವ್ ತಗೊಂಡ, ತಲೆಯೆತ್ತಲಿಲ್ಲ.

"ಫಾಂಟ್ ತಂದಿದ್ದೀರಾ ಮೇಡಂ?"

"ಅದರೊಳಗೇ ಇದೆ, ತೆಗಿ."

ತೆಗೆದ. ಮೊದಲ ಪುಟದಲ್ಲೇ ಬಂಡಿ ಇತ್ತು.

"ಎಷ್ಟು ಕಾಪಿ?"

"ಮೂರು. ಸ್ಪೈರಲ್ ಬೈಂಡಿಂಗ್ ಹಾಕು."