ಆದೇಶನ ಕ್ರಿಯೆಯಲ್ಲಿ ನ್ಯೂಕ್ಲಿಯೋಫೈಲ್‌ನ ಪಾತ್ರ

ಹೊಸೂರು, ತಳಿ, ಡೆಂಕಣಿಕೋಟೆ ಭಾಗಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮುಂದೆ ತಮಿಳು ಇಲ್ಲವೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರುವ ಮಕ್ಕಳಿಗೆ ಹನ್ನೊಂದನೆಯ ತರಗತಿಯ ಸಾವಯವ ರಸಾಯನಶಾಸ್ತ್ರದಲ್ಲಿ ಎದುರಾಗುವ ತೊಡಕಿನ ಪದಗಳಲ್ಲಿ ‘ನ್ಯೂಕ್ಲಿಯೋಫೈಲ್’ ಒಂದು. ತಮಿಳಿನಲ್ಲಿ ಇದು ‘ಕರುಕ್ಕವರ್ ಕಾರಣಿ’. ‘ಕರು’ ಎಂದೊಡನೆ ನಮ್ಮ ಮಕ್ಕಳಿಗೆ ಕೊಟ್ಟಿಗೆ ನೆನಪಾಗುವುದು ಸಹಜ. ಇಲ್ಲಿ ಅದರ ಅರ್ಥ ಪರಮಾಣುವಿನ ಬೀಜಕೇಂದ್ರ. ‘ಕವರ್’ ಧಾತುವಾದರೋ ಹಳಗನ್ನಡಕ್ಕೂ ಪರಿಚಿತವೇ. ಆದರೆ ಹೆಸರು ಸೆಳೆದುಕೊಳ್ಳುವಿಕೆಯನ್ನು ಸೂಚಿಸಿದರೂ ನ್ಯೂಕ್ಲಿಯೋಫೈಲ್ ಮಾಡುವ ಕೆಲಸ ಕೊಡುವುದು: ತನ್ನ ಎಲೆಕ್ಟ್ರಾನ್ ಜೋಡಿಯನ್ನು ಎಲೆಕ್ಟ್ರಾನ್ ಕೊರತೆಯುಳ್ಳ ಕಾರ್ಬನ್ನಿಗೆ ನೀಡುತ್ತದೆ. ಆದುದರಿಂದ ಬಾಣದ ಗುರುತು ಯಾವಾಗಲೂ ಆ ಜೋಡಿಯಿಂದಲೇ ಹೊರಡಬೇಕು.

ಆದೇಶನವೆಂದರೆ ಬಸ್ಸಿನ ಆಸನವೆಂದು ಮಕ್ಕಳು ಭಾವಿಸುತ್ತಾರೆ: ಒಬ್ಬರು ಶೂಳಗಿರಿಯಲ್ಲಿ ಇಳಿದರು, ಇನ್ನೊಬ್ಬರು ಕುಳಿತರು. ಬ್ರೋಮೋಮೀಥೇನ್ ವಿಷಯದಲ್ಲಿ ಈ ಚಿತ್ರ ತಪ್ಪು. ಬ್ರೋಮಿನ್ ಬಂಧದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಂಡಿರುವುದರಿಂದ ಕಾರ್ಬನ್ ಭಾಗಶಃ ಧನಾವೇಶ ಹೊಂದಿರುತ್ತದೆ. ಹೈಡ್ರಾಕ್ಸೈಡ್ ಅಯಾನು ಬ್ರೋಮಿನ್ನಿಗೆ ನೇರ ಎದುರು ಬದಿಯಿಂದ ಬರುತ್ತದೆ. ಹೊಸ ಬಂಧ ಕೂಡುತ್ತಿರುವಾಗಲೇ ಹಳೆಯದು ಕಳಚುತ್ತದೆ. ಮೂರು ಹೈಡ್ರೋಜನ್‌ಗಳು ಆಷಾಢದ ಗಾಳಿಗೆ ಸಿಕ್ಕ ಕೊಡೆಯಂತೆ ಮಗುಚಿಕೊಳ್ಳುತ್ತವೆ. ಇಂತಹ ಮಗುಚುವಿಕೆಯ ಸುಳಿವು 1896ರಲ್ಲಿ ಪಾಲ್ ವಾಲ್ಡನ್‌ಗೆ ದೊರೆತಿತ್ತು. 1935ರಲ್ಲಿ ಲಂಡನ್ನಿನಲ್ಲಿ ಹ್ಯೂಸ್ ಮತ್ತು ಸಂಗಡಿಗರು 2-ಅಯೋಡೋಆಕ್ಟೇನ್ ಮೇಲೆ ವಿಕಿರಣಶೀಲ ಅಯೋಡೈಡ್ ಪ್ರಯೋಗಿಸಿ, ಪ್ರತಿಯೊಂದು ಆದೇಶನಕ್ಕೂ ಒಂದು ಮಗುಚುವಿಕೆ ಎಂದು ತೋರಿಸಿದರು.

ತರಗತಿಯಲ್ಲಿ ಕೊಡೆಗಿಂತಲೂ ಮನವರಿಕೆ ಮಾಡಿಕೊಡುವುದು ಕ್ರಿಯಾವೇಗ. ಹೈಡ್ರಾಕ್ಸೈಡಿನ ಸಾರತೆಯನ್ನು ಇಮ್ಮಡಿಗೊಳಿಸಿದರೆ ಬ್ರೋಮೋಮೀಥೇನಿನ ಕ್ರಿಯಾವೇಗವೂ ಇಮ್ಮಡಿಯಾಗುತ್ತದೆ. ಬ್ರೋಮಿನ್ ತಾನಾಗಿಯೇ ಮೊದಲು ಹೊರಡುತ್ತಿದ್ದರೆ ಹೀಗಾಗಲು ಕಾರಣವೇನು? ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಸ್ವಲ್ಪ ಕಾಯಬೇಕು. ತೃತೀಯಕ ಬ್ಯುಟೈಲ್ ಬ್ರೋಮೈಡಿನಲ್ಲಿ ಮೂರು ಮೀಥೈಲ್ ಗುಂಪುಗಳು ಹಿಂಬದಿಯ ದಾರಿಯನ್ನು ಮುಚ್ಚಿರುತ್ತವೆ. ಸಾರರಿಕ್ತ ಕ್ಷಾರದಲ್ಲಿ ಬ್ರೋಮೈಡ್ ಮೊದಲು ನಿಧಾನವಾಗಿ ಹೊರಡುತ್ತದೆ, ಆಮೇಲೆ ನ್ಯೂಕ್ಲಿಯೋಫೈಲ್ ಸೇರುತ್ತದೆ. ಹೈಡ್ರಾಕ್ಸೈಡ್ ಹೆಚ್ಚಿಸಿದರೂ ವೇಗ ಬದಲಾಗದು. ಬಸ್ಸಿನ ಹೋಲಿಕೆ ಸಲ್ಲುವುದು ಇಲ್ಲಿ.

ಪ್ರಬಲ ಪ್ರತ್ಯಾಮ್ಲವೇ ಪ್ರಬಲ ನ್ಯೂಕ್ಲಿಯೋಫೈಲ್ ಎಂದು ಬರೆಯಿಸುವ ರೂಢಿಯನ್ನು ಬಿಡಬೇಕು. ನೀರಿಗಿಂತ ಹೈಡ್ರಾಕ್ಸೈಡ್ ಪ್ರಬಲವೆಂಬುದು ನಿಜ. ಆದರೆ ಅಯೋಡೈಡ್ ಅತಿ ದುರ್ಬಲ ಪ್ರತ್ಯಾಮ್ಲವಾಗಿಯೂ ನೀರಿನಲ್ಲಿ ಕ್ಲೋರೈಡಿಗಿಂತ ಉತ್ತಮ ನ್ಯೂಕ್ಲಿಯೋಫೈಲ್. ಚಿಕ್ಕದಾದ ಕ್ಲೋರೈಡನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿದಿರುತ್ತವೆ. 2-ಬ್ರೋಮೋಪ್ರೊಪೇನನ್ನು ಆಲ್ಕೋಹಾಲಿನಲ್ಲಿ ಕರಗಿಸಿದ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನೊಡನೆ ಕಾಯಿಸಿದಾಗಲಂತೂ ಪ್ರತ್ಯಾಮ್ಲವು ಕಾರ್ಬನ್ನಿನ ಬದಲು ಪಕ್ಕದ ಹೈಡ್ರೋಜನನ್ನು ಕಸಿಯುತ್ತದೆ. ದೊರೆಯುವುದು ಮುಖ್ಯವಾಗಿ ಪ್ರೊಪೀನ್.