ಮಾತ್ರೆ ಬಿಡುವ ಮುನ್ನ ಹುಡುಕಿ ನೋಡಿ: ವೈದ್ಯ ವಿಜ್ಞಾನದ ಮಾಹಿತಿ ಭಂಡಾರಗಳು

ಕೆಲವು ದಿನಗಳ ಹಿಂದೆ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ನನ್ನ ಬಳಿ ಪರೀಕ್ಷೆಗೆ ಬಂದಿದ್ದರು. ಹಲವು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ, ಪಥ್ಯ, ಬೆಳಗಿನ ನಡಿಗೆಗಳಿಂದ ಅದು ಹತೋಟಿಯಲ್ಲಿತ್ತು. ಈ ಬಾರಿ ಮಾತ್ರ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಬಹಳ ಏರಿತ್ತು. ಕಾರಣ ಕೇಳಿದಾಗ ಸಂಕೋಚದಿಂದಲೇ ಮೊಬೈಲ್ ತೆಗೆದು ಒಂದು ಸಂದೇಶವನ್ನು ತೋರಿಸಿದರು.

"ಡಾಕ್ಟ್ರೇ, ಅರಿಸಿನದಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಸಂಶೋಧನೆಯಲ್ಲೇ ಸಾಬೀತಾಗಿದೆಯಂತೆ. ಅದಕ್ಕೇ ಮೂರು ವಾರದಿಂದ ಮಾತ್ರೆ ನಿಲ್ಲಿಸಿದ್ದೇನೆ."

"ಯಾವ ಸಂಶೋಧನೆ ಮೇಷ್ಟ್ರೇ? ಯಾರ ಮೇಲೆ ಮಾಡಿದ್ದು?" ಎಂದು ಕೇಳಿದೆ. ಅವರಲ್ಲಿ ಉತ್ತರವಿರಲಿಲ್ಲ. ಇಬ್ಬರೂ ಕಂಪ್ಯೂಟರ್ ಮುಂದೆ ಕುಳಿತು ಹುಡುಕಿದೆವು. ಸಂದೇಶದಲ್ಲಿ ಹೇಳಿದ್ದ ಪ್ರಬಂಧ ಹತ್ತು ನಿಮಿಷದಲ್ಲಿ ಸಿಕ್ಕಿತು. ಪ್ರಯೋಗವೇನೋ ನಿಜ, ಆದರೆ ಅದು ನಡೆದದ್ದು ಇಲಿಗಳ ಮೇಲೆ!

ಮೇಷ್ಟ್ರು ಮತ್ತು ನಾನು ಹುಡುಕಿದ್ದು ಪಬ್‌ಮೆಡ್ ಎಂಬ ಮಾಹಿತಿ ಭಂಡಾರದಲ್ಲಿ. ಇದು ವೈದ್ಯರಿಗಷ್ಟೇ ಮೀಸಲಾದುದಲ್ಲ, ಶುಲ್ಕವಿಲ್ಲದೆ ಯಾರು ಬೇಕಾದರೂ ನೋಡಬಹುದು. ಇಂತಹ ಭಂಡಾರಗಳು ಹೇಗೆ ಹುಟ್ಟಿದವು, ಅವುಗಳಿಂದ ಪ್ರಾಣ ಉಳಿಯುವುದು ಹೇಗೆ, ಅರ್ಧಂಬರ್ಧ ಹುಡುಕಿದರೆ ಆಗುವ ಅನಾಹುತವೇನು ಎಂಬುದನ್ನು ಈ ವಾರ ತಿಳಿಯೋಣ.

ಪಟ್ಟಿಯಿಂದ ಗಣಕಕ್ಕೆ

ವೈದ್ಯಕೀಯ ಸಂಶೋಧನೆಗಳು ಪ್ರಪಂಚದ ಸಾವಿರಾರು ನಿಯತಕಾಲಿಕಗಳಲ್ಲಿ ಪ್ರಕಟವಾಗುತ್ತವೆ. ಅವನ್ನೆಲ್ಲ ಓದಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಈ ತೊಂದರೆ ಕಾಣಿಸಿಕೊಂಡಿತ್ತು. ಅಮೆರಿಕದ ಸೇನಾ ಶಸ್ತ್ರವೈದ್ಯ ಜಾನ್ ಶಾ ಬಿಲ್ಲಿಂಗ್ಸ್ ಅಲ್ಲಿನ ಸೈನ್ಯದ ವೈದ್ಯಕೀಯ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದರು. ಹೊಸ ಲೇಖನಗಳನ್ನು ವಿಷಯವಾರು ವಿಂಗಡಿಸಿ, 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿಯನ್ನು ಅವರು ಆರಂಭಿಸಿದರು. ಕ್ಷಯದ ಬಗ್ಗೆ ಏನು ಬಂದಿದೆ, ಕಾಲರಾದ ಬಗ್ಗೆ ಏನು ಬಂದಿದೆ ಎಂದು ತಿಳಿಯಲು ಈ ಸೂಚಿಯ ಪುಟ ತಿರುವಿದರೆ ಸಾಕಾಗುತ್ತಿತ್ತು.

ಆ ಗ್ರಂಥಾಲಯವೇ ಮುಂದೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. ಸೂಚಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋದಾಗ ಆ ಕೆಲಸವನ್ನು 1964ರಲ್ಲಿ ಗಣಕಯಂತ್ರಕ್ಕೆ ವಹಿಸಲಾಯಿತು. 1971ರಲ್ಲಿ ದೂರದ ಊರುಗಳಿಂದಲೂ ದೂರವಾಣಿ ತಂತಿಯ ಮೂಲಕ ಹುಡುಕುವ 'ಮೆಡ್‌ಲೈನ್' ಬಂತು. ಆದರೂ ಅದರ ಬಳಕೆಗೆ ಹಣ ಕೊಡಬೇಕಿತ್ತು, ತರಬೇತಾದ ಗ್ರಂಥಪಾಲಕರ ನೆರವೂ ಬೇಕಿತ್ತು. 1997ರ ಜೂನ್‌ನಲ್ಲಿ ಪಬ್‌ಮೆಡ್ ಮೂಲಕ ಈ ಭಂಡಾರವನ್ನು ಎಲ್ಲರಿಗೂ ಉಚಿತವಾಗಿ ತೆರೆಯಲಾಯಿತು. ಇಂದು ಅದರಲ್ಲಿ 3 ಕೋಟಿ 70 ಲಕ್ಷಕ್ಕೂ ಮೀರಿ ಲೇಖನಗಳ ವಿವರಗಳಿವೆ. ಹೆಚ್ಚಿನವುಗಳ ಸಾರಾಂಶವನ್ನು ಅಲ್ಲೇ ಓದಬಹುದು. ಪೂರ್ಣ ಲೇಖನಗಳನ್ನು ಉಚಿತವಾಗಿ ಕೊಡುವ 'ಪಬ್‌ಮೆಡ್ ಸೆಂಟ್ರಲ್' ಎಂಬ ಸೋದರ ಭಂಡಾರ 2000ದಲ್ಲಿ ಆರಂಭವಾಯಿತು.

ತಿಳಿದಿದ್ದೂ ತಲುಪದ ಔಷಧ

ಲೇಖನಗಳು ಪ್ರಕಟವಾದರೆ ಸಾಲದೇ, ಹುಡುಕಿ ಒಟ್ಟುಗೂಡಿಸುವ ಶ್ರಮ ಏಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಅವಧಿಗೆ ಮುನ್ನ ಹುಟ್ಟುವ ಶಿಶುಗಳ ಕಥೆಯಲ್ಲಿದೆ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ. ಉಸಿರಾಟದ ತೊಂದರೆಯಿಂದ ಅನೇಕ ಶಿಶುಗಳು ಸಾಯುತ್ತಿದ್ದವು. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಲಿಗಿನ್ಸ್ ಎಂಬ ವೈದ್ಯರು ಒಂದು ಸಂಗತಿಯನ್ನು ಗಮನಿಸಿದರು. ಸ್ಟೀರಾಯ್ಡ್ ಔಷಧ ಪಡೆದ ಕುರಿಮರಿಗಳು ಅವಧಿಗೆ ಮುನ್ನ ಹುಟ್ಟಿದರೂ ಉಸಿರಾಡುತ್ತಿದ್ದವು. ಅವರೂ ಮಕ್ಕಳ ವೈದ್ಯ ಹೋವಿಯವರೂ ಸೇರಿ, ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ ತಾಯಂದಿರಿಗೆ ಬೀಟಾಮೆಥಸೋನ್ ಚುಚ್ಚುಮದ್ದು ಕೊಟ್ಟು, ಶಿಶುಗಳಿಗೆ ಲಾಭವಾದುದನ್ನು 1972ರಲ್ಲಿ ಪ್ರಕಟಿಸಿದರು.

ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ವೈದ್ಯರು ಇದೇ ಪ್ರಯೋಗವನ್ನು ಮಾಡಿದರು. ಆದರೆ ಫಲಿತಾಂಶಗಳು ಬೇರೆ ಬೇರೆ ಪತ್ರಿಕೆಗಳಲ್ಲಿ ಚದುರಿಹೋದವು. ಬಿಡಿಬಿಡಿಯಾಗಿ ನೋಡಿದರೆ ಕೆಲವು ಪ್ರಯೋಗಗಳು ತೀರ ಚಿಕ್ಕವು, ಖಚಿತವಾಗಿ ಏನನ್ನೂ ಹೇಳುತ್ತಿರಲಿಲ್ಲ. ಹೀಗಾಗಿ ಹೆಚ್ಚಿನ ಹೆರಿಗೆ ವೈದ್ಯರು ಆ ಚುಚ್ಚುಮದ್ದನ್ನು ಬಳಸಲೇ ಇಲ್ಲ. 1980ರ ದಶಕದ ಕೊನೆಗೆ ಎಲ್ಲ ಪ್ರಯೋಗಗಳನ್ನೂ ಹುಡುಕಿ ಒಟ್ಟಿಗೆ ಲೆಕ್ಕ ಹಾಕಿದಾಗ ಚಿತ್ರ ಸ್ಪಷ್ಟವಾಯಿತು. ಬೆಲೆ ಕಡಿಮೆಯ ಆ ಔಷಧ ಶಿಶುಗಳ ಸಾವಿನ ಸಂಭವವನ್ನು ಶೇಕಡಾ 30ರಿಂದ 50ರಷ್ಟು ತಗ್ಗಿಸುತ್ತಿತ್ತು. ತಿಳಿವಳಿಕೆ ಲೋಕದಲ್ಲಿತ್ತು, ತಾಯಂದಿರನ್ನು ಮಾತ್ರ ತಲುಪಿರಲಿಲ್ಲ. ನಡುವಿನ ವರ್ಷಗಳಲ್ಲಿ ಎಷ್ಟೋ ಶಿಶುಗಳು ಅನಗತ್ಯವಾಗಿ ಪ್ರಾಣ ಬಿಟ್ಟವು.

ಈ ಪಾಠದಿಂದ ಎಚ್ಚೆತ್ತವರು 1993ರಲ್ಲಿ 'ಕಾಕ್ರೇನ್' ಸಹಯೋಗವನ್ನು ಸ್ಥಾಪಿಸಿದರು. ಒಂದೊಂದು ಚಿಕಿತ್ಸೆಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ, ತೂಗಿ ನೋಡಿ, ಸಾರ ಹೇಳುವುದೇ ಅದರ ಕೆಲಸ. ಅದರ ಲಾಂಛನದಲ್ಲಿರುವ ಏಳು ಅಡ್ಡಗೆರೆಗಳು ಶಿಶುಗಳ ಪ್ರಾಣ ಉಳಿಸುವ ಆ ಔಷಧದ ಏಳು ಪ್ರಯೋಗಗಳನ್ನೇ ಸೂಚಿಸುತ್ತವೆ.

ಹುಡುಕಾಟ ಅರ್ಧಕ್ಕೆ ನಿಂತಾಗ

ಭಂಡಾರವಿದ್ದರೂ ಅದರ ಎಲ್ಲೆ ತಿಳಿಯದಿದ್ದರೆ ಅಪಾಯ ತಪ್ಪಿದ್ದಲ್ಲ. 2001ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಅಸ್ತಮಾ ಕುರಿತ ಒಂದು ಅಧ್ಯಯನ ನಡೆಯಿತು. ಹೆಕ್ಸಾಮೆಥೋನಿಯಮ್ ಎಂಬ ರಾಸಾಯನಿಕವನ್ನು ಆರೋಗ್ಯವಂತ ಸ್ವಯಂಸೇವಕರು ಉಸಿರಿನ ಮೂಲಕ ಸೇವಿಸಬೇಕಿತ್ತು. ಅವರಲ್ಲಿ ಒಬ್ಬರಾದ 24 ವರ್ಷದ ಯುವತಿಗೆ ಕೆಮ್ಮು ಶುರುವಾಗಿ, ಶ್ವಾಸಕೋಶಗಳು ಕೆಟ್ಟು, ಸುಮಾರು ಒಂದು ತಿಂಗಳಲ್ಲಿ ಆಕೆ ತೀರಿಕೊಂಡಳು.

ಅಧ್ಯಯನಕ್ಕೆ ಮುಂಚೆ ಈ ವಸ್ತುವಿನ ಅಪಾಯದ ಬಗ್ಗೆ ಪಬ್‌ಮೆಡ್‌ನಲ್ಲಿ ಹುಡುಕಲಾಗಿತ್ತು. ಆದರೆ ಆಗ ಅದರಲ್ಲಿದ್ದ ಲೇಖನಗಳು 1966ರಿಂದೀಚಿನವು ಮಾತ್ರ. ಈ ವಸ್ತುವನ್ನು ರಕ್ತದೊತ್ತಡಕ್ಕೆ ಔಷಧವಾಗಿ ಬಳಸುತ್ತಿದ್ದ 1950ರ ದಶಕದಲ್ಲೇ ಅದರಿಂದ ಶ್ವಾಸಕೋಶಕ್ಕೆ ಹಾನಿಯಾದ ವರದಿಗಳು ಪ್ರಕಟವಾಗಿದ್ದವು. ಅವು ಗ್ರಂಥಾಲಯದ ಹಳೆಯ ಸಂಪುಟಗಳಲ್ಲಿ ಮುದ್ರಿತವಾಗಿಯೇ ಇದ್ದವು. ಗಣಕದ ಪರದೆಯ ಮೇಲೆ ಕಾಣಲಿಲ್ಲ, ಅಷ್ಟೇ.

ಈಗ 1940ರ ದಶಕದವರೆಗಿನ ಹಳೆಯ ಪಟ್ಟಿಗಳನ್ನೂ ಭಂಡಾರಕ್ಕೆ ಸೇರಿಸಲಾಗಿದೆ. ಆದರೂ ಪಾಠ ಹಳೆಯದಾಗಿಲ್ಲ. ಭಂಡಾರದಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದು ತಿಳಿಯಬಾರದು.

ಒಂದೇ ರೋಗ, ಹಲವು ಹೆಸರು

ಹುಡುಕುವಾಗ ಎದುರಾಗುವ ಇನ್ನೊಂದು ತೊಡಕು ಹೆಸರಿನದು. ನಾವು ಹೃದಯಾಘಾತ ಎನ್ನುತ್ತೇವೆ, ಪೇಟೆಯಲ್ಲಿ ಹಾರ್ಟ್ ಅಟ್ಯಾಕ್ ಎನ್ನುತ್ತಾರೆ, ವೈದ್ಯರು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂದು ಬರೆಯುತ್ತಾರೆ. ಒಂದೇ ಹೆಸರಿನಿಂದ ಹುಡುಕಿದರೆ ಉಳಿದ ಲೇಖನಗಳು ಕೈತಪ್ಪುತ್ತವೆ. ಇದಕ್ಕಾಗಿ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 'ಮೆಶ್' ಎಂಬ ಪದಕೋಶವನ್ನು ರೂಪಿಸಿದೆ. ಲೇಖಕರು ಯಾವ ಪದ ಬಳಸಿದ್ದರೂ ಲೇಖನಕ್ಕೆ ಈ ಕೋಶದ ನಿಗದಿತ ಪದವನ್ನು ಅಂಟಿಸುತ್ತಾರೆ. ನೀವು ಇಂಗ್ಲಿಷಿನಲ್ಲಿ ಹಾರ್ಟ್ ಅಟ್ಯಾಕ್ ಎಂದು ಬರೆದರೂ ತಂತ್ರಾಂಶ ಅದನ್ನು ವೈದ್ಯಕೀಯ ಹೆಸರಿಗೆ ಹೊಂದಿಸಿ ಹುಡುಕುತ್ತದೆ.

ರೋಗಾಣುವಿನ ಅಕ್ಷರಮಾಲೆ

ಲೇಖನಗಳಷ್ಟೇ ಅಲ್ಲ, ಜೀವಿಗಳ ವಂಶವಾಹಿ ವಿವರಗಳನ್ನು ಕೂಡಿಡುವ ಭಂಡಾರಗಳೂ ಇವೆ. 1982ರಲ್ಲಿ ಆರಂಭವಾದ 'ಜೀನ್‌ಬ್ಯಾಂಕ್' ಇವುಗಳಲ್ಲಿ ಪ್ರಮುಖವಾದುದು. ಯೂರೋಪ್ ಮತ್ತು ಜಪಾನಿನ ಇಂತಹವೇ ಭಂಡಾರಗಳೊಡನೆ ಅದು ಪ್ರತಿದಿನ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತದೆ. ನಮ್ಮ ದೇಶದಲ್ಲೂ 2022ರಲ್ಲಿ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಉದ್ಘಾಟನೆಯಾಯಿತು.

ವಂಶವಾಹಿಯನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ವಾಕ್ಯವೆಂದು ಭಾವಿಸಿ. ಹೊಸದೊಂದು ವಾಕ್ಯ ಸಿಕ್ಕಾಗ ಅದು ಹಳೆಯ ಯಾವುದನ್ನು ಹೋಲುತ್ತದೆ ಎಂದು ನೋಡಬೇಕು. 1990ರಲ್ಲಿ ಪ್ರಕಟವಾದ 'ಬ್ಲಾಸ್ಟ್' ಎಂಬ ತಂತ್ರಾಂಶ ಈ ಹೋಲಿಕೆಯನ್ನು ಬಹುಬೇಗ ಮಾಡಿ ತೋರಿಸುತ್ತದೆ. 2020ರ ಜನವರಿಯಲ್ಲಿ ಚೀನಾದ ವಿಜ್ಞಾನಿಗಳು ಹೊಸ ಕೊರೋನಾ ವೈರಾಣುವಿನ ಸುಮಾರು 30 ಸಾವಿರ ಅಕ್ಷರಗಳನ್ನು ಬಹಿರಂಗಪಡಿಸಿದರು. ಅದು ಸಾರ್ಸ್ ರೋಗಾಣುವಿನ ಹತ್ತಿರದ ನೆಂಟ ಎಂಬುದು ಇಂತಹ ಹೋಲಿಕೆಯಿಂದ ತಿಳಿಯಿತು. ವೈರಾಣುವನ್ನು ಕಣ್ಣಿಂದಲೂ ಕಾಣದ ದೂರದೇಶದ ಪ್ರಯೋಗಾಲಯಗಳು ಕೆಲವೇ ದಿನಗಳಲ್ಲಿ ಪರೀಕ್ಷಾ ವಿಧಾನಗಳನ್ನು ರೂಪಿಸಿದವು. ಮಾರ್ಚ್ 16ರಂದು ಅಮೆರಿಕದಲ್ಲಿ ಮೊದಲ ಸ್ವಯಂಸೇವಕಿಗೆ ಪ್ರಾಯೋಗಿಕ ಲಸಿಕೆಯನ್ನು ಚುಚ್ಚಲಾಯಿತು. ಮಾಹಿತಿಯನ್ನು ಮುಚ್ಚಿಡದೆ ಹಂಚಿಕೊಂಡದ್ದರ ಫಲವಿದು.

ನಮ್ಮ ದೇಶದ ಪ್ರಯೋಗಗಳ ದಾಖಲೆ

ಹೊಸ ಔಷಧದ ಪ್ರಯೋಗದಲ್ಲಿ ಸೇರಿಕೊಳ್ಳಿ ಎಂದು ನಿಮಗೋ ನಿಮ್ಮ ಮನೆಯವರಿಗೋ ಯಾರಾದರೂ ಹೇಳಿದರೆ ಒಂದು ಮಾತು ನೆನಪಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರಿಂದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿ ದಾಖಲೆ ಇದೆ. ಇದನ್ನು ಸಿಟಿಆರ್‌ಐ ಎಂದು ಕರೆಯುತ್ತಾರೆ. ಔಷಧ ಪ್ರಯೋಗಗಳನ್ನು ಇಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ಪ್ರಯೋಗದ ಉದ್ದೇಶವೇನು, ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ನೀತಿ ಸಮಿತಿಯ ಒಪ್ಪಿಗೆ ಇದೆಯೇ ಎಂಬುದನ್ನೆಲ್ಲ ಅದರಲ್ಲಿ ಉಚಿತವಾಗಿ ನೋಡಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ನೋಂದಣಿ ಸಂಖ್ಯೆಯನ್ನು ಕೇಳುವುದು ನಿಮ್ಮ ಹಕ್ಕು.

ಓದುವಾಗ ಕೇಳಬೇಕಾದ ಪ್ರಶ್ನೆಗಳು

ಈ ಭಂಡಾರಗಳು ಇಂಗ್ಲಿಷಿನಲ್ಲಿವೆ. ಭಾಷೆ ತೊಡಕಾದರೆ ಮನೆಯಲ್ಲಿ ಓದುತ್ತಿರುವ ಮಕ್ಕಳ ನೆರವು ಪಡೆಯಿರಿ. ಯಾವುದೇ 'ಸಂಶೋಧನೆ'ಯ ಸುದ್ದಿ ಬಂದಾಗ ಈ ಕೆಳಗಿನ ಪ್ರಶ್ನೆಗಳನ್ನು ಹಾಕಿಕೊಳ್ಳಿ.

1. ಲೇಖನ ನಿಜವಾಗಿಯೂ ಇದೆಯೇ? ಪಬ್‌ಮೆಡ್‌ನ ಪ್ರತಿ ಲೇಖನಕ್ಕೂ ಪಿಎಂಐಡಿ ಎಂಬ ಸಂಖ್ಯೆ ಇರುತ್ತದೆ. ಇತ್ತೀಚೆಗೆ ಪ್ರಶ್ನೆಗೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕೆಲವೊಮ್ಮೆ ಇಲ್ಲದ ಲೇಖನಗಳನ್ನೂ ಹೆಸರಿಸುತ್ತವೆ. ಸಂಖ್ಯೆ ಹಾಕಿ ನೋಡಿದರೆ ನಿಜ ತಿಳಿಯುತ್ತದೆ.

2. ಪ್ರಯೋಗ ಯಾರ ಮೇಲೆ ನಡೆದಿದೆ? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೋ, ಇಲಿಗಳ ಮೇಲೋ, ಮನುಷ್ಯರ ಮೇಲೋ? ಇಲಿಯಲ್ಲಿ ಗುಣ ತೋರಿದ್ದೆಲ್ಲ ಮನುಷ್ಯರಲ್ಲಿ ತೋರುವುದಿಲ್ಲ.

3. ಹೋಲಿಸಿ ನೋಡಿದ್ದಾರೆಯೇ? ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿದ ಪ್ರಯೋಗಕ್ಕೆ ಹೆಚ್ಚು ಬೆಲೆ. ಅಂತಹ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆ ಇದ್ದರೆ ಮೊದಲು ಅದನ್ನೇ ಓದಿ.

4. ಲೇಖನವನ್ನು ಹಿಂತೆಗೆದುಕೊಂಡಿದ್ದಾರೆಯೇ? ದಡಾರದ ಸಂಯುಕ್ತ ಲಸಿಕೆಗೂ ಮಕ್ಕಳ ಆಟಿಸಂಗೂ ನಂಟಿರಬಹುದೆಂಬ ಗುಮಾನಿ ಹಬ್ಬಿಸಿದ ಲೇಖನ 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. ಅದು ಕೇವಲ 12 ಮಕ್ಕಳ ಕುರಿತದ್ದು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಪಬ್‌ಮೆಡ್‌ನಲ್ಲಿ ಆ ಲೇಖನ ಈಗಲೂ ಸಿಗುತ್ತದೆ, ಆದರೆ ಹಿಂತೆಗೆದುಕೊಳ್ಳಲಾಗಿದೆ ಎಂಬ ಎಚ್ಚರಿಕೆಯೊಂದಿಗೆ. ಅದನ್ನು ನೋಡದವರು ಇಂದಿಗೂ ಲಸಿಕೆಗೆ ಹೆದರುತ್ತಾರೆ.

5. ಖರ್ಚು ಕೊಟ್ಟವರು ಯಾರು? ಔಷಧ ತಯಾರಿಸುವವರೇ ಹಣ ಕೊಟ್ಟಿದ್ದರೆ ಫಲಿತಾಂಶ ಸುಳ್ಳೆಂದಲ್ಲ, ಇನ್ನಷ್ಟು ಎಚ್ಚರದಿಂದ ಓದಬೇಕು.

ಪಬ್‌ಮೆಡ್‌ನಲ್ಲಿ ಲೇಖನವಿದೆ ಎಂದರೆ ಗ್ರಂಥಾಲಯ ಅದನ್ನು ಸರಿಯೆಂದು ಒಪ್ಪಿದೆ ಎಂದರ್ಥವಲ್ಲ. ಸಂತೆಯಲ್ಲಿ ಎಲ್ಲ ಬಗೆಯ ಕಾಳೂ ಇರುತ್ತದೆ, ಆರಿಸಿ ತರುವ ಕೆಲಸ ನಮ್ಮದು. ಹಾಗೆಯೇ ಒಂದು ಲೇಖನ ನಿಮ್ಮ ವಯಸ್ಸು, ನಿಮ್ಮ ಮೂತ್ರಪಿಂಡದ ಸ್ಥಿತಿ, ನೀವು ಸೇವಿಸುತ್ತಿರುವ ಬೇರೆ ಔಷಧಗಳನ್ನು ಅರಿಯದು. ಓದಿದ್ದನ್ನು ಮುದ್ರಿಸಿಕೊಂಡೋ ಸಂಖ್ಯೆ ಬರೆದುಕೊಂಡೋ ವೈದ್ಯರ ಬಳಿಗೆ ಒಯ್ಯಿರಿ. ರೋಗಿ ಓದಿಕೊಂಡು ಬಂದರೆ ವೈದ್ಯರು ಬೇಸರಪಡಬೇಕಾಗಿಲ್ಲ, ಜೊತೆಗೆ ಕುಳಿತು ನೋಡಬೇಕು. ಆದರೆ ಅವರೊಡನೆ ಮಾತನಾಡುವ ಮೊದಲು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ಮೇಷ್ಟ್ರು ಅಂದೇ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಮುಂದಿನ ಭೇಟಿಯ ವೇಳೆಗೆ ಸಕ್ಕರೆ ಹತೋಟಿಗೆ ಬಂದಿತ್ತು. "ಅರಿಸಿನ ಬಿಡಬೇಕೇ ಡಾಕ್ಟ್ರೇ?" ಎಂದು ಕೇಳಿದರು. "ಬೇಡಿ ಮೇಷ್ಟ್ರೇ, ಸಾರಿಗೆ, ಪಲ್ಯಕ್ಕೆ ಎಂದಿನಂತೆ ಇರಲಿ. ಮಾತ್ರೆಯ ಜಾಗಕ್ಕೆ ಮಾತ್ರ ಬೇಡ" ಎಂದೆ. ಈಗ ಅವರಿಗೆ ಯಾರಾದರೂ ಅಂತಹ ಸಂದೇಶ ಕಳಿಸಿದರೆ, ಅವರು ಮೊದಲು ಕೇಳುವುದು ಲೇಖನದ ಸಂಖ್ಯೆಯನ್ನಂತೆ!